ವೆಸ್ ಮಾಂಟ್ಗಮರಿಯ ಹೆಬ್ಬೆರಳಿನ ಜೊತೆ ಜಾಜ್ ಕೇಳುವುದು ಹೇಗೆ

ಜಾಜ್ ಕೇಳೋಣ ಅಂತ ಕೂತು ಹತ್ತೇ ನಿಮಿಷಕ್ಕೆ ಎದ್ದವರು ತುಂಬಾ ಜನ. ಎಲ್ಲರದ್ದೂ ಒಂದೇ ದೂರು: ಟ್ಯೂನ್ ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ. ಅಂಥವರಿಗೆ ನಾನು ಕೇಳಿಸುವುದು ಅಮೆರಿಕದ ಜಾಜ್ ಗಿಟಾರ್ ವಾದಕ ವೆಸ್ ಮಾಂಟ್ಗಮರಿಯ ಆಲ್ಬಂ, ‘ದಿ ಇನ್‌ಕ್ರೆಡಿಬಲ್ ಜಾಜ್ ಗಿಟಾರ್ ಆಫ್ ವೆಸ್ ಮಾಂಟ್ಗಮರಿ’. 1960ರ ಜನವರಿಯಲ್ಲಿ, ನ್ಯೂಯಾರ್ಕ್‌ನಲ್ಲಿ, ಎರಡೇ ದಿನದಲ್ಲಿ ರೆಕಾರ್ಡ್ ಆಗಿದ್ದು. ವೆಸ್ ಜೊತೆ ಪಿಯಾನೋಗೆ ಟಾಮಿ ಫ್ಲಾನಗನ್, ಬೇಸ್‌ಗೆ (ತಗ್ಗಿನ ಸ್ವರದ ದೊಡ್ಡ ತಂತಿವಾದ್ಯ) ಪರ್ಸಿ ಹೀತ್, ಡ್ರಮ್ಸ್‌ಗೆ ಪರ್ಸಿಯ ತಮ್ಮ ಆಲ್ಬರ್ಟ್ ಹೀತ್. ಎಂಟು ಟ್ರ್ಯಾಕ್ ಇವೆ. ನಾಲ್ಕು ವೆಸ್ ಸ್ವಂತದ್ದು, ನಾಲ್ಕು ಬೇರೆಯವರದ್ದು.

ಮೊದಲು ಇಯರ್‌ಫೋನ್ ಹಾಕಿಕೊಳ್ಳಿ. ಫೋನ್ ಸ್ಪೀಕರ್‌ನಲ್ಲಿ ಬೇಸ್ ಸರಿಯಾಗಿ ಕೇಳಿಸುವುದಿಲ್ಲ, ಬೇಸ್ ಕೇಳಿಸದಿದ್ದರೆ ಮುಂದೆ ಹೇಳುವ ಲೆಕ್ಕ ಕೈಗೆ ಸಿಗುವುದಿಲ್ಲ.

ಮೊದಲ ಟ್ರ್ಯಾಕ್ ‘ಐರೆಜಿನ್’ ಬಿಟ್ಟು ಎರಡನೆಯದಕ್ಕೆ ಹೋಗಿ, ‘ಡಿ ನ್ಯಾಚುರಲ್ ಬ್ಲೂಸ್’. ನಿಧಾನದ ನಡೆ, ಗಡಿಬಿಡಿ ಇಲ್ಲ. ಬೇಸ್ ಹಿಡಿದು ನಾಲ್ಕು ನಾಲ್ಕಾಗಿ ಎಣಿಸಿ. ಹೀಗೆ ಹನ್ನೆರಡು ಸಲ ಆದರೆ ಬ್ಲೂಸ್ ಅನ್ನುವ ಹಾಡಿನ ಅಚ್ಚಿನ ಒಂದು ಸುತ್ತು. ತಾಳ ಹಾಕಿ ಅಭ್ಯಾಸ ಇದ್ದರೆ ಇನ್ನೂ ಸುಲಭ, ಆರು ಆವರ್ತ ಆದಿತಾಳ ಹಾಕಿದರೆ ಆಯ್ತು. ಟ್ಯೂನ್ ನುಡಿಸಿ ಮುಗಿದ ಮೇಲೂ ಈ ಸುತ್ತು ನಿಲ್ಲುವುದಿಲ್ಲ. ಕೆಳಗೆ ಅದೇ ಕಾರ್ಡ್‌ಗಳು (ಹಲವು ಸ್ವರ ಒಟ್ಟಿಗೆ ನುಡಿಯುವ ಗುಚ್ಛಗಳು) ಅದೇ ಕ್ರಮದಲ್ಲಿ ತಿರುಗುತ್ತಲೇ ಇರುತ್ತವೆ, ಅದರ ಮೇಲೆ ವೆಸ್ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುತ್ತಾರೆ. ಟ್ಯೂನ್ ಎಲ್ಲೂ ಹೋಗಿಲ್ಲ, ನೆಲದ ಹಾಗೆ ಕೆಳಗೇ ಇದೆ. ಮೊದಲ ಸಲ ಎಣಿಕೆ ತಪ್ಪುತ್ತದೆ, ಸುಮ್ನೆ ಮತ್ತೆ ಹಾಕಿ.

ಎಣಿಕೆ ಕೂತ ಮೇಲೆ ಗಿಟಾರ್ ಕಡೆ ಕಿವಿ ಕೊಡಿ. ವೆಸ್ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿಯುವುದಿಲ್ಲ, ಬಲಗೈ ಹೆಬ್ಬೆರಳಿನಲ್ಲೇ ಮೀಟುತ್ತಾರೆ. ಇಂಡಿಯಾನಾಪೊಲಿಸ್‌ನಲ್ಲಿ ಹಗಲು ಫ್ಯಾಕ್ಟರಿ ಕೆಲಸ, ರಾತ್ರಿ ಕ್ಲಬ್‌ಗಳಲ್ಲಿ ವಾದನ ಅಂತ ಬದುಕಿದವರು. ಮನೆಯಲ್ಲಿ ಅಭ್ಯಾಸ ಮಾಡುವಾಗ ಅಕ್ಕಪಕ್ಕದವರಿಗೆ ತೊಂದರೆ ಆಗಬಾರದು ಅಂತ ಪಿಕ್ ಬಿಟ್ಟರು ಅನ್ನುವ ಮಾತಿದೆ. ಆ ನಾದದಲ್ಲಿ ಲೋಹದ ಚುರುಕಿಗಿಂತ ಮೈ ಸೋಕಿದ ಮೆದುತನ ಜಾಸ್ತಿ.

ಅವರ ಸೋಲೋ, ಅಂದರೆ ಒಬ್ಬರೇ ಮುಂದೆ ನಿಂತು ನುಡಿಸುವ ಭಾಗ, ಸಾಮಾನ್ಯವಾಗಿ ಮೂರು ಹಂತದಲ್ಲಿ ಏರುತ್ತದೆ. ಮೊದಲು ಒಂದೊಂದೇ ಸ್ವರ. ಆಮೇಲೆ ಆಕ್ಟೇವ್, ಅಂದರೆ ಕೆಳಗಿನ ಸ ಮತ್ತು ಮೇಲಿನ ಸ ಒಟ್ಟಿಗೆ ನುಡಿದ ಹಾಗೆ ಪ್ರತಿ ಸ್ವರವೂ ಜೋಡಿಯಾಗಿ ಬರುತ್ತದೆ. ಕೊನೆಗೆ ಇಡೀ ಕಾರ್ಡ್‌ಗಳಲ್ಲೇ ರಾಗ ನಡೆಯುತ್ತದೆ. ಇದು ಅತಿ ಚೆನ್ನಾಗಿ ಕೇಳಿಸುವುದು ‘ವೆಸ್ಟ್ ಕೋಸ್ಟ್ ಬ್ಲೂಸ್’ನಲ್ಲಿ. ಅದೂ ಬ್ಲೂಸೇ, ಆದರೆ ಎಣಿಕೆ ಮೂರು ಮೂರು. ಒಂಟಿ ಸ್ವರದಿಂದ ಆಕ್ಟೇವ್‌ಗೆ ದಾಟುವ ಗಳಿಗೆಗೆ ಕಾದು ಕೂತುಕೊಳ್ಳಿ. ಪಕ್ಕದಲ್ಲಿ ಇನ್ನೊಬ್ಬರು ದನಿಗೂಡಿಸಿದಂತೆ ಗಿಟಾರ್ ದಪ್ಪಗಾಗುತ್ತದೆ. ಎಷ್ಟು ಸಲ ಕೇಳಿದ್ದರೂ ನನಗೆ ಅಲ್ಲಿ ಮೈ ಜುಂ ಅನ್ನುತ್ತದೆ.

ಆಮೇಲೆ ‘ಫೋರ್ ಆನ್ ಸಿಕ್ಸ್’ ಹಾಕಿ. ಇದರ ಕಾರ್ಡ್‌ಗಳ ಬುಡ ಸಂಗೀತ ಸಂಯೋಜಕ ಗರ್ಶ್ವಿನ್‌ನ ಹಾಡು ‘ಸಮ್ಮರ್‌ಟೈಮ್’. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ, ಹಳೇ ಹಾಡಿನ ಅಡಿಪಾಯ ಇಟ್ಟುಕೊಂಡು ಹೊಸ ಮನೆ ಕಟ್ಟುವ ಜಾಜ್‌ನವರ ರೂಢಿ ತಾನಾಗಿಯೇ ತಿಳಿಯುತ್ತದೆ. ‘ಪೋಲ್ಕಾ ಡಾಟ್ಸ್ ಅಂಡ್ ಮೂನ್‌ಬೀಮ್ಸ್’ ರಾತ್ರಿಗೆ ಇಟ್ಟುಕೊಳ್ಳಿ, ಅದಕ್ಕೆ ಎಣಿಕೆ ಬೇಡ.

ಕೊನೆಗೆ ‘ಐರೆಜಿನ್’. ಸ್ಯಾಕ್ಸೊಫೋನ್ ವಾದಕ ಸನ್ನಿ ರೋಲಿನ್ಸ್ ಬರೆದದ್ದು. ಇಂಗ್ಲಿಷ್‌ನಲ್ಲಿ ನೈಜೀರಿಯಾ ಹೆಸರನ್ನು ತಿರುವಿ ಬರೆದರೆ ಈ ಹೆಸರು. ಓಟ ಜೋರು, ಆದರೆ ಇಷ್ಟು ಹೊತ್ತಿಗೆ ಬೇಸ್ ಹಿಡಿಯುವುದು ನಿಮಗೆ ಬಂದಿರುತ್ತದೆ.

ಮನೆಯಲ್ಲಿ ಗಿಟಾರ್ ಇದೆಯಾ? ಹಾಗಾದರೆ ವೆಸ್‌ನ ಆಕ್ಟೇವ್ ನೀವೂ ನುಡಿಸಿ ನೋಡಿ. ಆರನೇ ತಂತಿಯ (ಎಲ್ಲಕ್ಕಿಂತ ದಪ್ಪನೆಯದು) ಮೂರನೇ ಫ್ರೆಟ್ (ಕತ್ತಿನ ಮೇಲಿನ ಮನೆ) ಮೇಲೆ ತೋರುಬೆರಳು, ನಾಲ್ಕನೇ ತಂತಿಯ ಐದನೇ ಫ್ರೆಟ್ ಮೇಲೆ ಉಂಗುರದ ಬೆರಳು. ಎರಡೂ ‘ಜಿ’ ಸ್ವರವೇ. ನಡುವಿನ ಐದನೇ ತಂತಿಗೆ ತೋರುಬೆರಳು ಹಗುರವಾಗಿ ತಾಗಿರಲಿ, ಒತ್ತಬೇಡಿ. ಈಗ ಹೆಬ್ಬೆರಳಿನಿಂದ ಮೂರೂ ತಂತಿ ಒಟ್ಟಿಗೆ ಮೀಟಿ. ಐದನೇ ತಂತಿ ಸದ್ದು ಮಾಡಿದರೆ ತೋರುಬೆರಳನ್ನು ಇನ್ನೂ ಸ್ವಲ್ಪ ಮಲಗಿಸಿ.