ಇದ್ದ ಫಂಕ್ಷನ್ನೇ ಇಲ್ಲ ಅಂತ ಲಿಂಕರ್ ಹೇಳಿದಾಗ

ಮಳೆಗಾಲದಲ್ಲಿ ಚಿಕ್ಕಮಗಳೂರಿನ ಮನೆಯಲ್ಲಿ ಕೂತು 32 ಬಿಟ್‌ನ ಒಂದು ಪುಟ್ಟ ಕರ್ನಲ್, ಅಂದ್ರೆ ಆಪರೇಟಿಂಗ್ ಸಿಸ್ಟಂನ ತಿರುಳು, ಬರೆಯುತ್ತಿದ್ದೆ. ಬೂಟ್ ಆಗುವ ಭಾಗ ಅಸೆಂಬ್ಲಿ (ಅದನ್ನು ಮಷಿನ್ ಕೋಡ್ ಮಾಡೋದು ನ್ಯಾಸ್ಮ್), ಉಳಿದದ್ದು ಸಿ (ಅದಕ್ಕೆ ಜಿಸಿಸಿ ಕಂಪೈಲರ್). ಬೇರೆಬೇರೆಯಾಗಿ ಕಂಪೈಲ್ ಮಾಡಿದರೆ ಒಂದು ತಕರಾರೂ ಇಲ್ಲ. ಹಾಗೆ ಬಂದ ತುಂಡುಗಳನ್ನು (ಆಬ್ಜೆಕ್ಟ್ ಫೈಲ್) ಲಿಂಕರ್ ಕೈಲಿ ಒಂದೇ ಪ್ರೋಗ್ರಾಂ ಆಗಿ ಜೋಡಿಸೋಕೆ, ಅಂದ್ರೆ ಲಿಂಕ್ ಮಾಡೋಕೆ, ಹೋದರೆ ಸಾಲುಸಾಲು ಎರರ್.

ಮೊದಮೊದಲಿನವು ಬೇಗ ಬಗೆಹರಿದವು. ನನ್ನದು 64 ಬಿಟ್ ಉಬುಂಟು. ಜಿಸಿಸಿಯನ್ನು ಸುಮ್ನೆ ಬಿಟ್ಟರೆ 64 ಬಿಟ್ ಆಬ್ಜೆಕ್ಟ್ ಫೈಲ್ ಕೊಡುತ್ತೆ, ನ್ಯಾಸ್ಮ್‌ಗೆ ನಾನು ಎಲ್ಫ್32, ಅಂದ್ರೆ 32 ಬಿಟ್ ಫೈಲ್ ಕೊಡು, ಅಂದಿದ್ದೆ, ಎರಡೂ ಕೂಡಲ್ಲ. ಜಿಸಿಸಿಗೆ -ಎಂ32, ಲಿಂಕರ್ ಆದ ಎಲ್‌ಡಿಗೆ -ಎಂ ಎಲ್ಫ್_ಐ386 ಕೊಟ್ಟೆ. ಆಮೇಲೆ ಸ್ಟ್ಯಾಕ್_ಸಿಎಚ್‌ಕೆ_ಫೇಲ್ ಸಿಗುತ್ತಿಲ್ಲ ಅಂತ ಬಂತು. ಆ ಫಂಕ್ಷನ್ ನಾನು ಬರೆದೇ ಇಲ್ಲ. ಸ್ಟ್ಯಾಕ್ (ಫಂಕ್ಷನ್‌ಗಳ ತಾತ್ಕಾಲಿಕ ಡೇಟಾ ಇರುವ ಮೆಮೊರಿ) ಹಾಳಾಗಿದೆಯಾ ಅಂತ ನೋಡೋಕೆ ಉಬುಂಟುವಿನ ಜಿಸಿಸಿ ತಾನೇ ಅದನ್ನು ಸೇರಿಸುತ್ತೆ, ಸಾಮಾನ್ಯ ಪ್ರೋಗ್ರಾಂ ಆದರೆ ಸಿ ಲೈಬ್ರರಿಯಿಂದ ಸಿಗುತ್ತೆ, ಕರ್ನಲ್‌ನಲ್ಲಿ ಲೈಬ್ರರಿ ಎಲ್ಲಿಂದ ಬರಬೇಕು? -ಎಫ್‌ನೋ-ಸ್ಟ್ಯಾಕ್-ಪ್ರೊಟೆಕ್ಟರ್ ಹಾಕಿದೆ, ಹೋಯ್ತು.

ಎರಡು ದಿನ ತಿಂದಿದ್ದು ಜಿಡಿಟಿ. ಮೆಮೊರಿ ಸೆಗ್ಮೆಂಟ್‌ಗಳ ವಿವರ ಇರುವ ಟೇಬಲ್ ಅದು. ಟೇಬಲ್ ತುಂಬುವ ಜಿಡಿಟಿ_ಇನ್‌ಸ್ಟಾಲ್ ಸಿ ಫೈಲ್‌ನಲ್ಲಿ, ಪ್ರೊಸೆಸರ್‌ಗೆ ಲೋಡ್ ಮಾಡುವ ಜಿಡಿಟಿ_ಫ್ಲಶ್ ಅಸೆಂಬ್ಲಿಯಲ್ಲಿ. ಬೇರೆ ಫೈಲ್‌ಗೂ ಕಾಣಲಿ ಅಂತ ಅಸೆಂಬ್ಲಿಯಲ್ಲಿ ಗ್ಲೋಬಲ್ ಅಂತ ಬರೆದಿದ್ದೆ, ಹೆಸರಿನ ಸ್ಪೆಲ್ಲಿಂಗ್ ಸರಿ ಇತ್ತು. ಆದರೂ ಜಿಡಿಟಿ_ಇನ್‌ಸ್ಟಾಲ್ ಇಲ್ಲ ಅಂತ ಒಂದೇ ಹಟ. ಕಣ್ಣೆದುರೇ ಇದೆಯಲ್ಲಾ ಅಂತ ಅಳು ಬರುವಷ್ಟು ಬೇಜಾರಾಗಿತ್ತು.

ಹಾಸನದ ಗೆಳೆಯನಿಗೆ ಫೋನ್ ಮಾಡಿದೆ. "ಕೋಡ್ ನೋಡೋದು ಬಿಡೋ. ಲಿಂಕರ್‌ಗೆ ನಿನ್ನ ಕೋಡ್ ಕಾಣಲ್ಲ ಕಣೋ, ಆಬ್ಜೆಕ್ಟ್ ಫೈಲ್ ಅಷ್ಟೇ ಕಾಣೋದು. ಎನ್‌ಎಂ ಹಾಕಿ ನೋಡು" ಅಂದ.

ಎನ್‌ಎಂ ಕಮಾಂಡ್ ಒಂದು ಆಬ್ಜೆಕ್ಟ್ ಫೈಲ್‌ನಲ್ಲಿರುವ ಹೆಸರುಗಳನ್ನು ಪಟ್ಟಿ ಮಾಡುತ್ತೆ. ಹೆಸರಿನ ಮುಂದೆ ದೊಡ್ಡ ಟಿ ಇದ್ದರೆ ಆ ಕೋಡ್ ಅಲ್ಲೇ ಇದೆ, ಯು ಇದ್ದರೆ ಬೇರೆ ಕಡೆಯಿಂದ ಬೇಕು. ಕರೆಂಟ್ ಹೋಗಿತ್ತು, ಲ್ಯಾಪ್‌ಟಾಪ್ ಬೆಳಕಿನಲ್ಲೇ ಹಾಳೆ ಮೇಲೆ ಎರಡು ಸಾಲು ಮಾಡಿ ಬರೆದುಕೊಂಡೆ, ಒಂದು ಕಡೆ ಟಿ, ಒಂದು ಕಡೆ ಯು. ಮೇನ್.ಓ ಅನ್ನೋ ಆಬ್ಜೆಕ್ಟ್ ಫೈಲ್ ಜಿಡಿಟಿ_ಇನ್‌ಸ್ಟಾಲ್ ಕೇಳುತ್ತಿದೆ, ಕೊಡೋರು ಯಾರೂ ಇಲ್ಲ. ಜಿಡಿಟಿ.ಓ ತೆಗೆದರೆ ಅದರಲ್ಲಿ ಜಿಡಿಟಿ_ಫ್ಲಶ್, ಅದರದೇ ಒಂದು ಲೋಕಲ್ ಲೇಬಲ್, ಅಷ್ಟೇ.

ಆಗ ಹೊಳೀತು. ಜಿಡಿಟಿ.ಸಿ ಮತ್ತು ಜಿಡಿಟಿ.ಎಎಸ್‌ಎಂ ಎರಡರಿಂದಲೂ ಹುಟ್ಟುವುದು ಜಿಡಿಟಿ.ಓ. ನನ್ನ ಸ್ಕ್ರಿಪ್ಟ್ ಮೊದಲು ಸಿ ಫೈಲ್‌ಗಳನ್ನೆಲ್ಲ ಕಂಪೈಲ್ ಮಾಡಿ ಆಮೇಲೆ ಅಸೆಂಬ್ಲಿಗೆ ಹೋಗುತ್ತೆ, ಹಾಗಾಗಿ ಸಿ ಕಡೆಯ ಫೈಲ್ ಮೇಲೆಯೇ ಅಸೆಂಬ್ಲಿಯದ್ದು ಬಂದು ಕೂತಿತ್ತು. ಫೋಲ್ಡರ್‌ನಲ್ಲಿರುವ ಓ ಫೈಲ್‌ಗಳನ್ನೆಲ್ಲ ಒಟ್ಟಿಗೆ ಲಿಂಕ್‌ಗೆ ಕೊಡುತ್ತಿದ್ದೆ, ಒಂದು ಕಡಿಮೆ ಇದೆ ಅಂತ ಗೊತ್ತೇ ಆಗಿರಲಿಲ್ಲ. ಅಸೆಂಬ್ಲಿ ಫೈಲ್‌ಗೆ ಜಿಡಿಟಿ_ಫ್ಲಶ್.ಎಎಸ್‌ಎಂ ಅಂತ ಹೆಸರಿಟ್ಟೆ. ಲಿಂಕ್ ಆಯ್ತು!

ಆದರೆ ಕರ್ನಲ್ ಓಡಿಸಿ ನೋಡುವ ವರ್ಚುವಲ್ ಮಷಿನ್ ಕ್ಯೂಎಮು ಪದೇಪದೇ ರೀಬೂಟ್ ಆಗತೊಡಗಿತು. ಲಿಂಕರ್ ಹೆಸರು ಜೋಡಿಸುತ್ತೆ ಅಷ್ಟೇ, ಸಿ ಕಳಿಸಿದ ಆರ್ಗ್ಯುಮೆಂಟನ್ನು ಅಸೆಂಬ್ಲಿ ಸರಿಯಾದ ಜಾಗದಿಂದ ತಗೊಂಡಿತಾ ಅಂತ ಅದು ನೋಡಲ್ಲ. ನಾನು ಇಎಸ್‌ಪಿ (ಸ್ಟ್ಯಾಕ್‌ನ ತುದಿ ತೋರಿಸುವ ರಿಜಿಸ್ಟರ್) ತೋರಿಸುವ ಜಾಗದಿಂದಲೇ ಓದುತ್ತಿದ್ದೆ, ಅಲ್ಲಿರುವುದು ಫಂಕ್ಷನ್ ಮುಗಿದ ಮೇಲೆ ಮರಳಬೇಕಾದ ಜಾಗ, ಅಂದ್ರೆ ರಿಟರ್ನ್ ಅಡ್ರೆಸ್. ಆರ್ಗ್ಯುಮೆಂಟ್ ಇರೋದು ಇಎಸ್‌ಪಿ+4ರಲ್ಲಿ. ಅದನ್ನು ತಿದ್ದಿದ ಮೇಲೆ ಪರದೆ ಮೇಲೆ ನಾನು ಬರೆಸಿದ ಸಾಲು ಬಂತು, ಬಂದು ಅಲ್ಲೇ ನಿಂತಿತು.