ಹಾಯಿಯ ಹೊಲಿಗೆ ಬಿಚ್ಚಿತ್ತು, ಕಲಬುರಗಿಯಲ್ಲಿ ಸರಿಹೋಯಿತು

ರಿಟೈರ್ ಆದಮೇಲೆ ನಾವಿಬ್ಬರೂ ಹಾಯಿದೋಣಿಯಲ್ಲೇ ಜಾಸ್ತಿ ಇರುತ್ತೇವೆ. ಮಳೆಗಾಲಕ್ಕೆ ಮಾತ್ರ ಕಲಬುರಗಿ ಮನೆ. ಈ ಸಲ ಮುಂದಿನ ಹಾಯಿಯ ಹೊಲಿಗೆ ಉದ್ದಕ್ಕೂ ಬಿಚ್ಚಿತ್ತು. ಬಟ್ಟೆ ಗಟ್ಟಿಯಿತ್ತು, ಉಗುರಿನಿಂದ ಗೀರಿದರೆ ದಾರ ಮಾತ್ರ ಪುಡಿಪುಡಿ. ಬಿಸಿಲಿಗೆ ಮೊದಲು ಸೋಲುವುದು ದಾರವೇ.

ಮಡಚಿ ಊರಿಗೆ ತಂದೆವು. ಮಾಳಿಗೆ ಮೇಲೆ ಹರಡಿ, ಸಿಹಿನೀರಲ್ಲಿ ಉಪ್ಪು ತೊಳೆದು ಒಣಗಿಸಿದೆವು. ಆಮೇಲೆ ತಾಡಪತ್ರಿ ಹೊಲಿಯುವವರ ಹತ್ತಿರ ಒಯ್ದೆವು. "ಯಾವ ಲಾರಿದ್ರಿ ಇದು, ಅಕ್ಕಾರ?" ಅಂದರು! ನೇರ ಹೊಲಿಗೆ ಬೇಡ, ಜಿಗ್‌ಜಾಗ್ ಹಾಕಿ ಅಂದೆ. ಗಾಳಿಗೆ ಬಟ್ಟೆ ಹಿಗ್ಗುತ್ತದೆ ಅಲ್ವಾ, ಹೊಲಿಗೆಯೂ ಜೊತೆಗೆ ಹಿಗ್ಗಬೇಕು. ದಾರ ದಪ್ಪ ಪಾಲಿಯೆಸ್ಟರ್‌ದು. ಹತ್ತಿಯದು ತೇವಕ್ಕೆ ಕೊಳೆಯುತ್ತದೆ.

ಹಾಯಿ ಸುತ್ತಿಟ್ಟಾಗ ಹೊರಗೆ ಉಳಿಯುವ ಅಂಚಿಗೆ ಬಿಸಿಲು ತಡೆಯುವ ಬಟ್ಟೆಯ ಪಟ್ಟಿಯನ್ನೂ ಹೊಲಿಸಿದೆವು.