ರಾಕೆಟ್ ಹಾರಿಸೋದಾ ಬೇಡ್ವಾ, ಆಕಾಶ ನೋಡಿ ತೀರ್ಮಾನ ಮಾಡೋದು ಹೇಗೆ?

ಹವಾಮಾನ ಸರಿ ಇಲ್ಲ ಅಂತ ರಾಕೆಟ್ ಉಡಾವಣೆ ಮುಂದಕ್ಕೆ ಹೋದಾಗೆಲ್ಲ ಜನ ಕೇಳೋದು ಒಂದೇ, ಅಷ್ಟು ದೊಡ್ಡ ಮಷಿನ್ನು ಒಂಚೂರು ಮೋಡಕ್ಕೆ ಯಾಕೆ ಹೆದರಬೇಕು ಅಂತ. ಆದ್ರೆ ಅಲ್ಲಿ ಭಯ ಇರೋದು ಮಳೆ ನೀರಿಗಿಂತ ಹೆಚ್ಚಾಗಿ ಮೋಡದೊಳಗಿರೋ ವಿದ್ಯುತ್ತಿಗೆ.

ಮೊದಲನೇ ಹಂತ ಮುನ್ಸೂಚನೆ. ಫ್ಲಾರಿಡಾದ ಕೇಪ್ ಕೆನವೆರಲ್‌ನಲ್ಲಿ ಉಡಾವಣೆಗೆ ಕೆಲವು ದಿನ ಮುಂಚೆಯಿಂದಲೇ ಹವಾಮಾನ ತಂಡ, ಆವತ್ತಿನ ಹವಾಮಾನ ಉಡಾವಣೆಯ ಸುರಕ್ಷತಾ ನಿಯಮ ಮೀರೋ ಚಾನ್ಸ್ ಶೇಕಡಾ ಎಷ್ಟು ಅಂತ ರಿಪೋರ್ಟ್ ಕೊಡ್ತಾ ಹೋಗುತ್ತೆ.

ಆಮೇಲೆ ನೆಲದ ಹತ್ತಿರದ ಗಾಳಿ. ಒಂದೊಂದು ರಾಕೆಟ್‌ಗೂ ಅದರದ್ದೇ ಮಿತಿ ಇರುತ್ತೆ, ಫಾಲ್ಕನ್ 9ಕ್ಕೆ 162 ಅಡಿ ಎತ್ತರದಲ್ಲಿ ಗಂಟೆಗೆ 30 ಮೈಲಿ, ಅಂದ್ರೆ ಸುಮಾರು 48 ಕಿಲೋಮೀಟರ್ ದಾಟಿದ್ರೆ ಹಾರಿಸಲ್ಲ.

ಮೂರನೇದು ಮೇಲಿನ ಗಾಳಿ, ಇದು ಕೆಳಗೆ ನಿಂತವರಿಗೆ ಗೊತ್ತೇ ಆಗಲ್ಲ. ಬಲೂನ್ ಬಿಟ್ಟು ಯಾವ ಎತ್ತರದಲ್ಲಿ ಗಾಳಿ ಯಾವ ಕಡೆ ಎಷ್ಟು ಜೋರಾಗಿದೆ ಅಂತ ಅಳೀತಾರೆ. ಸುಮಾರು 10ರಿಂದ 15 ಕಿಲೋಮೀಟರ್ ಎತ್ತರದಲ್ಲಿ, ರಾಕೆಟ್ ಮೇಲೆ ಗಾಳಿಯ ಒತ್ತಡ ಮೊದಲೇ ಜಾಸ್ತಿ ಇರೋ ಹೊತ್ತಲ್ಲಿ, ಗಾಳಿಯ ವೇಗ ದಿಕ್ಕು ದಿಢೀರ್ ಅಂತ ಬದಲಾದ್ರೆ ರಾಕೆಟ್ ಬಾಡಿ ತಡೆಯಲ್ಲ. ಅದಕ್ಕೇ ಮೋಡನೇ ಇಲ್ಲದ ನೀಲಿ ಆಕಾಶದ ದಿನವೂ ಉಡಾವಣೆ ನಿಲ್ಲಬಹುದು.

ನಾಲ್ಕನೇದು ಮಿಂಚು, ಜಾಸ್ತಿ ನಿಯಮ ಇರೋದೇ ಇಲ್ಲಿ. ರಾಕೆಟ್ ಲೋಹದ್ದು, ಅದರ ಹಿಂದೆ ಬರೋ ಬಿಸಿ ಹೊಗೆಯ ಬಾಲ ಕೂಡ ವಿದ್ಯುತ್ ಹರಿಸುತ್ತೆ, ಎರಡೂ ಸೇರಿ ಮೋಡಕ್ಕೆ ಒಂದು ಉದ್ದ ತಂತಿ ಚುಚ್ಚಿದ ಹಾಗೆ, ತಾನಾಗಿ ಮಿಂಚದ ಮೋಡದಿಂದಲೂ ಸಿಡಿಲು ಎಳ್ಕೊಳ್ಳುತ್ತೆ. 1969ರ ನವೆಂಬರ್ 14ರಂದು ಅಪೋಲೋ 12ಕ್ಕೆ ಆಗಿದ್ದು ಇದೇ, ಹಾರಿದ ಮೊದಲ ನಿಮಿಷದೊಳಗೇ ಎರಡು ಸಲ ಸಿಡಿಲು ಹೊಡೀತು, ಪುಣ್ಯಕ್ಕೆ ರಾಕೆಟ್‌ನ ದಾರಿ ನೋಡ್ಕೊಳ್ಳೋ ಕಂಪ್ಯೂಟರ್ ಕೆಡಲಿಲ್ಲ, ಮೂವರೂ ಚಂದ್ರನ ತನಕ ಹೋಗಿ ವಾಪಸ್ ಬಂದ್ರು. 1987ರ ಮಾರ್ಚ್ 26ರಂದು ಅಟ್ಲಾಸ್ ಸೆಂಟಾರ್ ಅನ್ನೋ ರಾಕೆಟ್‌ಗೆ ಆ ಅದೃಷ್ಟ ಇರ್ಲಿಲ್ಲ, ಸಿಡಿಲಿಂದ ಕಂಪ್ಯೂಟರ್ ಮೆಮೊರಿ ಕೆಟ್ಟು ತಪ್ಪು ಕಡೆ ತಿರುಗಿಸ್ತು, ರಾಕೆಟ್ಟೂ ಹೋಯ್ತು ಉಪಗ್ರಹನೂ ಹೋಯ್ತು. ಈಗ ನೆಲದಲ್ಲಿ ಅಲ್ಲಲ್ಲಿ ಮೀಟರ್ ಇಟ್ಟು ಗಾಳಿಯಲ್ಲಿರೋ ವಿದ್ಯುತ್ ಕ್ಷೇತ್ರ ಅಳೀತಾ ಇರ್ತಾರೆ, ಹತ್ತು ನಾಟಿಕಲ್ ಮೈಲಿ (ಸುಮಾರು 18 ಕಿಲೋಮೀಟರ್) ಒಳಗೆ ಮಿಂಚು ಕಂಡ್ರೆ ಸಾಮಾನ್ಯವಾಗಿ 30 ನಿಮಿಷ ಕಾಯಲೇಬೇಕು.

ಚಳಿನೂ ಲೆಕ್ಕಕ್ಕೆ ಬರುತ್ತೆ. 1986ರ ಜನವರಿ 28ರ ಬೆಳಗ್ಗೆ ಅಮೆರಿಕದ ಗಗನನೌಕೆ ಚಾಲೆಂಜರ್ ಹೊರಟಾಗ ತಾಪಮಾನ ಬರೀ 2 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಬೂಸ್ಟರ್ (ಮೇಲೆ ತಳ್ಳೋಕೆ ಪಕ್ಕದಲ್ಲಿ ಕಟ್ಟಿರೋ ರಾಕೆಟ್) ಜೋಡಣೆಯ ರಬ್ಬರ್ ರಿಂಗು ಚಳಿಗೆ ಬಿರುಸಾಗಿ ಸರಿಯಾಗಿ ಸೀಲ್ ಆಗಲಿಲ್ಲ, 73 ಸೆಕೆಂಡಲ್ಲಿ ನೌಕೆ ಒಡೆದುಹೋಯ್ತು, ಒಳಗಿದ್ದ ಏಳು ಜನರೂ ಹೋದ್ರು. ಹಿಂದಿನ ರಾತ್ರಿನೇ ಬೂಸ್ಟರ್ ಎಂಜಿನಿಯರ್‌ಗಳು ಬೇಡ ಅಂದಿದ್ರು, ಆ ಮಾತು ಕೇಳ್ಬೇಕಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಒಳಗೆ ಜನ ಇದ್ರೆ ಇನ್ನೊಂದು ಹಂತ ಇದೆ, ಮಧ್ಯದಲ್ಲಿ ಏನಾದ್ರೂ ಆದ್ರೆ ಕ್ಯಾಪ್ಸೂಲ್ ಬೀಳೋ ಸಮುದ್ರದುದ್ದಕ್ಕೂ ಅಲೆ ಗಾಳಿ ಹೇಗಿದೆ ಅಂತ ನೋಡ್ಬೇಕು.

ಕೊನೆಗೆ ಹವಾಮಾನ ಅಧಿಕಾರಿ 'ಗೋ' ಅಥವಾ 'ನೋ ಗೋ' ಅಂತಾರೆ. 2020ರ ಮೇ 27ರಂದು ಫಾಲ್ಕನ್ 9ರಲ್ಲಿ ಹೊರಡಬೇಕಿದ್ದ ಇಬ್ಬರು ಗಗನಯಾತ್ರಿಗಳು ಸೀಟಲ್ಲಿ ಕೂತಾಗಿತ್ತು, ಇಂಧನ ತುಂಬ್ತಾ ಇತ್ತು, ಇನ್ನು ಸುಮಾರು 17 ನಿಮಿಷ ಇರೋವಾಗ ಹವಾಮಾನ ಸರಿ ಇಲ್ಲ ಅಂತ ನಿಲ್ಲಿಸಿದ್ರು. ಸ್ವಲ್ಪ ಹೊತ್ತು ಕಾಯೋ ಹಾಗೂ ಇರ್ಲಿಲ್ಲ, ಬಾಹ್ಯಾಕಾಶ ನಿಲ್ದಾಣ ಹಿಡೀಬೇಕು ಅಂದ್ರೆ ಆ ಒಂದೇ ಕ್ಷಣಕ್ಕೆ ಹೊರಡಬೇಕಿತ್ತು. ಮೇ 30ಕ್ಕೆ ಹಾರಿದ್ರು.